ಎಲೀಯನಿಗೆ ಮೊದಲು ಸಿಕ್ಕಿದ್ದು ನಿದ್ರೆ: ಆತ್ಮಬಲ ಮತ್ತು ದೇಹದ ಆರೋಗ್ಯವನ್ನು ಒಟ್ಟಿಗೆ ಬೆಳೆಸುವ ಸಮಗ್ರ ಮಾರ್ಗದರ್ಶಿ

ಬೇರ್ಷೆಬದಿಂದ ಒಂದು ದಿನದ ದಾರಿ ನಡೆದು ಅಡವಿ ಸೇರಿದ ಪ್ರವಾದಿ ಎಲೀಯ ಒಂದು ಗಿಡದ ಬುಡದಲ್ಲಿ ಕುಳಿತು ಸಾವನ್ನು ಬೇಡಿಕೊಂಡ. ದೇವರು ಆಗ ಅವನಿಗೆ ಉಪದೇಶ ಮಾಡಲಿಲ್ಲ. ನಿನ್ನ ನಂಬಿಕೆ ಎಲ್ಲಿ ಹೋಯಿತೆಂದು ಕೇಳಲೂ ಇಲ್ಲ. ಮಲಗಲು ಬಿಟ್ಟರು. ದೂತನನ್ನು ಕಳುಹಿಸಿ ಕೆಂಡದಲ್ಲಿ ಸುಟ್ಟ ರೊಟ್ಟಿ, ಕುಡಿಯಲು ನೀರು ಕೊಟ್ಟರು. ಅವನು ತಿಂದು ಮತ್ತೆ ಮಲಗಿದ, ದೂತ ಮತ್ತೆ ಎಬ್ಬಿಸಿ ತಿನ್ನಿಸಿದ. ಹೋರೇಬ್ ಬೆಟ್ಟದ ಮಂದವಾದ ಸ್ವರ ಅವನಿಗೆ ಕೇಳಿಸಿದ್ದು ಇದೆಲ್ಲ ಆದ ಮೇಲೆ, ನಲವತ್ತು ಹಗಲಿರುಳು ನಡೆದ ಮೇಲೆ. ಒಂದನೆಯ ಅರಸುಗಳು 19ನೆಯ ಅಧ್ಯಾಯದ ಈ ಕ್ರಮವೇ ಈ ಮಾರ್ಗದರ್ಶಿಯ ಬೆನ್ನೆಲುಬು.

ನಮ್ಮ ಮಂಗಳೂರು, ಉಡುಪಿಯ ಸಭೆಗಳಲ್ಲಿ ಭಕ್ತಿಗೆ ಕೊರತೆ ಇಲ್ಲ. ಭಾನುವಾರ ಆರಾಧನೆ ಮುಗಿದು ಹೊರಗೆ ನಿಂತವರ ಮಾತು ಕೇಳಿ: ಒಬ್ಬರಿಗೆ ಶುಗರ್, ಒಬ್ಬರಿಗೆ ಬಿಪಿ, ಇನ್ನೊಬ್ಬರಿಗೆ ಮಂಡಿ ನೋವು, ಎಲ್ಲರಿಗೂ ನಿದ್ರೆ ಸಾಲದು. ಆರೋಗ್ಯ ನೋಡಿಕೊಳ್ಳಬೇಕೆಂದು ತೀರ್ಮಾನಿಸಿದವರು ಬೆಳಗಿನ ಪ್ರಾರ್ಥನೆಯ ಹೊತ್ತನ್ನು ಜಿಮ್ಮಿಗೆ ಕೊಟ್ಟುಬಿಡುತ್ತಾರೆ. ಪ್ರಾರ್ಥನೆಯಲ್ಲಿ ಬೆಳೆಯಬೇಕೆಂದವರು ನಿದ್ರೆ ಬಿಡುತ್ತಾರೆ. ನಾನು ಹೇಳಬೇಕೆಂದಿರುವುದು ಇಷ್ಟೇ: ಎರಡಕ್ಕೂ ಬೇರೆ ಬೇರೆ ವೇಳಾಪಟ್ಟಿ ಮಾಡಬೇಡಿ. ನಡೆಯುವ ಹೊತ್ತು, ಉಣ್ಣುವ ಹೊತ್ತು, ಮಲಗುವ ಹೊತ್ತು ಹೇಗೂ ಇದೆ. ಪ್ರಾರ್ಥನೆಯನ್ನು ಅದರೊಳಗೇ ಹೆಣೆಯಿರಿ. ದೇಹಸಾಧನೆಯಿಂದ ಸ್ವಲ್ಪ ಪ್ರಯೋಜನವಿದೆ, ಭಕ್ತಿಯಿಂದ ಎಲ್ಲದರಲ್ಲೂ ಪ್ರಯೋಜನವಿದೆ ಎಂದು ಪೌಲ ತಿಮೊಥೆಯನಿಗೆ ಬರೆದ. ಆ "ಸ್ವಲ್ಪ"ವನ್ನು ಸೊನ್ನೆ ಎಂದು ಓದುವುದು ನಮ್ಮಲ್ಲಿ ಹಳೆಯ ರೂಢಿ.

ಕೆಳಗಿನ ಹೆಜ್ಜೆಗಳನ್ನೆಲ್ಲ ಒಂದೇ ಸೋಮವಾರ ಶುರು ಮಾಡಬೇಡಿ. ಒಂದನ್ನು ಎರಡು ವಾರ ನಡೆಸಿ, ಅದು ಮೈಗೂಡಿದ ಮೇಲೆ ಮುಂದಿನದ್ದು.

ಹೆಜ್ಜೆ 1: ದೇಹದ ಲೆಕ್ಕ ತಿಳಿದುಕೊಳ್ಳಿ

ಮೂವತ್ತು ದಾಟಿದವರು ಮೊದಲು ರಕ್ತದೊತ್ತಡ, ಖಾಲಿ ಹೊಟ್ಟೆಯ ಸಕ್ಕರೆ, ಸೊಂಟದ ಸುತ್ತಳತೆ, ಈ ಮೂರನ್ನು ನೋಡಿಸಿಕೊಳ್ಳಿ. ಒತ್ತಡ ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರಲ್ಲಿ ಹೋಗಲೇಬೇಕು. ಸೊಂಟ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ್ದರೆ, ತೂಕ ಸರಿಯಿದೆ ಅನ್ನಿಸಿದರೂ ಎಚ್ಚರ ಬೇಕು. ಹೊಟ್ಟೆಯ ಸುತ್ತ ಕೊಬ್ಬು ಸೇರಿ ಸಕ್ಕರೆ ಕಾಯಿಲೆ ಬರುವುದು ನಮ್ಮ ದೇಶದವರಲ್ಲಿ ಹೆಚ್ಚು. ನಡೆಯುವಾಗ ಎದೆ ಹಿಡಿದಂತಾಗುವುದು, ಬೇಗ ಏದುಸಿರು ಬರುವುದು ಇದ್ದರಂತೂ ವ್ಯಾಯಾಮ ಆರಂಭಿಸುವ ಮೊದಲೇ ತೋರಿಸಿ.

ತಪಾಸಣೆಗೆ ಹೋಗುವುದನ್ನು ನಂಬಿಕೆಯ ಕೊರತೆ ಎಂದು ಭಾವಿಸುವವರು ಈಗಲೂ ಇದ್ದಾರೆ. ಅವರು ನಮ್ಮ ಊರಿನ ಚರಿತ್ರೆ ನೋಡಬೇಕು. ಜರ್ಮನ್ ಮೂಲದ ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನಲ್ಲಿ ಔಷಧಿ ಹಂಚಲು ಶುರು ಮಾಡಿದರು. ಕಂಕನಾಡಿಯ ಆಸ್ಪತ್ರೆ ಬೆಳೆದದ್ದು ಅಲ್ಲಿಂದ. ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ಮಿಶನ್ ಆಸ್ಪತ್ರೆ ತೆರೆದರು. ಕುಷ್ಠ ಹಿಡಿದವರನ್ನು, ಹೆರಿಗೆಯಲ್ಲಿ ಸಾಯುತ್ತಿದ್ದ ಹೆಂಗಸರನ್ನು ನೋಡಿಕೊಳ್ಳುವುದೇ ಆ ತಲೆಮಾರಿಗೆ ಸುವಾರ್ತೆಯ ಕೆಲಸವಾಗಿತ್ತು. ಪೌಲನ ಜೊತೆ ಊರೂರು ತಿರುಗಿದ ಲೂಕನೂ ವೈದ್ಯನೇ.

ಹೆಜ್ಜೆ 2: ರಾತ್ರಿಯಿಂದ ಶುರು ಮಾಡಿ

ಆದಿಕಾಂಡದಲ್ಲಿ ದಿನ ಹುಟ್ಟುವುದು ಸಾಯಂಕಾಲ: "ಸಾಯಂಕಾಲವಾಯಿತು, ಪ್ರಾತಃಕಾಲವಾಯಿತು." ನಾಳೆಯ ಪ್ರಾರ್ಥನೆ ಹೇಗಿರುತ್ತದೆ ಎಂಬುದು ಇಂದು ರಾತ್ರಿ ಎಷ್ಟು ಗಂಟೆಗೆ ಮಲಗಿದಿರಿ ಎಂಬುದರಲ್ಲೇ ಬಹುಪಾಲು ತೀರ್ಮಾನವಾಗುತ್ತದೆ. ಹಾಗಾಗಿ ಅತಿ ಹೆಚ್ಚು ಶ್ರಮ ಹಾಕಬೇಕಾದ ಹೆಜ್ಜೆ ಇದು.

ಹಿಂದೆ ಕರಾವಳಿಯ ಕಥೊಲಿಕ ಮನೆಗಳಲ್ಲಿ ಮುಸ್ಸಂಜೆಯ ಗಂಟೆ ಬಾರಿಸಿದೊಡನೆ ದೀಪ ಹಚ್ಚಿ ತೇರ್ಸ್, ಅಂದರೆ ಜಪಸರ ಪ್ರಾರ್ಥನೆ, ಶುರುವಾಗುತ್ತಿತ್ತು. ಅದು ಮುಗಿದ ಮೇಲೆ ಮಕ್ಕಳು ಹಿರಿಯರಿಂದ ಬೆಸಾಂವ್ (ಆಶೀರ್ವಾದ) ಕೇಳಿ, ಗಂಜಿಯೋ ಅನ್ನವೋ ಉಂಡು ಮಲಗುವುದು. ಪ್ರೊಟೆಸ್ಟಂಟ್ ಬಾಸೆಲ್ ಮಿಶನ್ ಪರಂಪರೆಯ ಮನೆಗಳಲ್ಲೂ ಊಟಕ್ಕೆ ಮೊದಲು ಸತ್ಯವೇದ ಓದಿ ಒಂದು ಸಂಗೀತ ಹಾಡಿ ಕುಟುಂಬ ಪ್ರಾರ್ಥನೆ ನಡೆಯುತ್ತಿತ್ತು. ಈಗ ಧಾರಾವಾಹಿ, ಟ್ಯೂಷನ್, ಕೆಲಸ ಮುಗಿಸಿ ತಡವಾಗಿ ಬರುವ ಬಸ್ಸು ಎಲ್ಲ ಸೇರಿ ಪ್ರಾರ್ಥನೆಯನ್ನು ಹತ್ತು ಗಂಟೆಗೆ, ಊಟವನ್ನು ಹತ್ತೂವರೆಗೆ ತಳ್ಳಿವೆ. ಅರ್ಧ ನಿದ್ರೆಯಲ್ಲಿ ಜಪ, ತುಂಬಿದ ಹೊಟ್ಟೆಯಲ್ಲಿ ನಿದ್ರೆ: ಎರಡೂ ಕೆಡುತ್ತವೆ.

ಮಾಡಬೇಕಾದದ್ದು ಇದು. ಕುಟುಂಬ ಪ್ರಾರ್ಥನೆಯನ್ನು ಊಟಕ್ಕಿಂತ ಮೊದಲು ತನ್ನಿ, ಏಳೂವರೆಯ ಸುತ್ತಮುತ್ತ. ಎಲ್ಲರೂ ಮನೆಯಲ್ಲಿಲ್ಲದಿದ್ದರೆ ಇದ್ದವರಿಂದಲೇ ಶುರುವಾಗಲಿ. ತಡವಾಗಿ ಬಂದವರು ನಡುವೆ ಸೇರಿಕೊಂಡರೂ ಸಾಕು. ಎಂಟು, ಎಂಟೂವರೆಗೆ ಊಟ. ಊಟಕ್ಕೂ ಹಾಸಿಗೆಗೂ ನಡುವೆ ಎರಡು ಗಂಟೆ ಇರಲಿ. ಫೋನಿಗೆ ಮಲಗುವ ಕೋಣೆಯ ಹೊರಗೆ ಒಂದು ಜಾಗ ಮಾಡಿ. ಎಚ್ಚರಿಸಲು ಅದೇ ಬೇಕೆಂದರೆ ಅಗ್ಗದ ಅಲಾರಂ ಗಡಿಯಾರ ಕೊಳ್ಳಿ. ಈ ಇಡೀ ಮಾರ್ಗದರ್ಶಿಯಲ್ಲಿ ನಾನು ಹೇಳುವ ಖರ್ಚು ಅದೊಂದೇ. ವಯಸ್ಕರಿಗೆ ಕನಿಷ್ಠ ಏಳು ಗಂಟೆ ನಿದ್ರೆ ಬೇಕು.

ದೀಪ ಆರಿಸಿದ ಮೇಲೆ ದೊಡ್ಡ ಪ್ರಾರ್ಥನೆ ಬೇಡ. ದಿನವನ್ನು ಒಮ್ಮೆ ಹಿಂದಿರುಗಿ ನೋಡಿ: ಯಾವುದಕ್ಕೆ ವಂದನೆ, ಯಾವುದಕ್ಕೆ ಕ್ಷಮೆ, ನಾಳೆಯ ಯಾವ ಭಾರವನ್ನು ದೇವರಿಗೆ ಒಪ್ಪಿಸಬೇಕು. ಆಮೇಲೆ 4ನೆಯ ಕೀರ್ತನೆಯ ಕೊನೆಯ ವಚನವನ್ನು ಬಾಯಿಪಾಠವಾಗಿ ಹೇಳಿ ಕಣ್ಣು ಮುಚ್ಚಿ. ಸಮಾಧಾನದಿಂದ ಮಲಗಿಕೊಳ್ಳುವವನ ಮಾತು ಅದು. ಬಿರುಗಾಳಿಯ ನಡುವೆ ದೋಣಿಯ ಹಿಂಭಾಗದಲ್ಲಿ ತಲೆದಿಂಬಿಟ್ಟು ಮಲಗಿದ್ದ ಯೇಸುವನ್ನು ನೆನಪಿಸಿಕೊಂಡರೂ ಆದೀತು.

ಆಸ್ಪತ್ರೆಯ ದಾದಿಯರಿಗೆ, ಕಾರ್ಖಾನೆಯ ಪಾಳಿಯವರಿಗೆ, ರಾತ್ರಿ ಕಡಲಿಗಿಳಿಯುವ ಮೀನುಗಾರರಿಗೆ ಈ ಗಂಟೆಗಳು ಹೊಂದುವುದಿಲ್ಲ. ಅವರು ಗಂಟೆಯನ್ನು ಬಿಟ್ಟು ಕ್ರಮವನ್ನಷ್ಟೇ ಇಟ್ಟುಕೊಳ್ಳಲಿ: ಪ್ರಾರ್ಥನೆ, ಹಗುರ ಊಟ, ಕತ್ತಲೆ ಮಾಡಿದ ಕೋಣೆ, ನಿದ್ರೆ, ಅದು ಬೆಳಗಿನ ಎಂಟಕ್ಕಾದರೂ ಸರಿ. ರಾತ್ರಿಪಾಳಿ ಮುಗಿಸಿ ಬಂದು ನೇರ ಬೆಳಗಿನ ಪೂಜೆಗೆ ಓಡಬೇಕೆಂಬ ಅಪರಾಧ ಭಾವ ಅವರಿಗೆ ಬೇಡ.

ಹೆಜ್ಜೆ 3: ಬೆಳಗಿನ ಮೊದಲ ಹದಿನೈದು ನಿಮಿಷ

ಫೋನ್ ಮುಟ್ಟುವ ಮೊದಲು ಒಂದು ಲೋಟ ನೀರು ಕುಡಿದು ಬೆನ್ನು ನೇರ ಇಟ್ಟು ಕುಳಿತುಕೊಳ್ಳಿ. ಮಂಡಿ ನೋವಿದ್ದವರು ಮೊಣಕಾಲೂರಬೇಕಿಲ್ಲ. ಒಂದು ವಾಕ್ಯವನ್ನು ಉಸಿರಿನ ಜೊತೆ ಜೋಡಿಸಿ. "ಯೆಹೋವನು ನನಗೆ ಕುರುಬನು" ಎನ್ನುವಾಗ ಉಸಿರು ನಿಧಾನ ಒಳಗೆ, "ಕೊರತೆಪಡೆನು" ಎನ್ನುವಾಗ ಇನ್ನೂ ನಿಧಾನ ಹೊರಗೆ. ಐದು ನಿಮಿಷ ಹೀಗೆ. ಆಮೇಲೆ ಸುವಾರ್ತೆಯ ಒಂದು ಸಣ್ಣ ಭಾಗ ಓದಿ, ಅದರಲ್ಲಿ ತಡೆದು ನಿಲ್ಲಿಸಿದ ಒಂದೇ ಮಾತನ್ನು ಆ ದಿನಕ್ಕೆ ಹಿಡಿದುಕೊಳ್ಳಿ. ಕೊನೆಗೆ ಇಂದು ಎದುರಾಗುವವರ ಹೆಸರು ಹೇಳಿ ಪ್ರಾರ್ಥಿಸಿ.

ನಿಧಾನ ಜಪದಿಂದ ದೇಹಕ್ಕೇನಾಗುತ್ತದೆ ಎಂಬುದನ್ನು ಅಳೆದು ನೋಡಿದವರೂ ಇದ್ದಾರೆ. ಇಟಲಿಯ ಲುಚಿಯಾನೊ ಬೆರ್ನಾರ್ದಿ ಮತ್ತು ಸಂಗಡಿಗರು 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 23 ಮಂದಿ ಲ್ಯಾಟಿನ್ ಭಾಷೆಯಲ್ಲಿ ಜಪಸರ ಹೇಳಿದರು, ಯೋಗದ ಮಂತ್ರವನ್ನೂ ಹೇಳಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು, ಹೃದಯದ ಲಯ ಹೆಚ್ಚು ಹೊಂದಿಕೊಂಡಿತು. ಇದು ದೇವರ ಇರವಿಗೆ ಪುರಾವೆಯಲ್ಲ, ಪ್ರಾರ್ಥನೆಗೆ ಅಂಥ ಪುರಾವೆ ಬೇಕಾಗಿಯೂ ಇಲ್ಲ. ಆದರೆ ಮನೆಗಳಲ್ಲಿ ಈಗ ಕೇಳಿಸುವ ಅವಸರದ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಏರಿ ಮುಗಿಸುವ ತೇರ್ಸನ್ನು ನಿಧಾನ ಮಾಡಲು ಇದೂ ಒಂದು ಕಾರಣವಾಗಲಿ.

ಹೆಜ್ಜೆ 4: ಕೀರ್ತನೆಯೊಂದಿಗೆ ನಡೆಯಿರಿ

120ರಿಂದ 134ರವರೆಗಿನ ಹದಿನೈದು ಕೀರ್ತನೆಗಳಿಗೆ ಯಾತ್ರಾಗೀತೆ ಎಂಬ ತಲೆಬರಹವಿದೆ. ಯೆರೂಸಲೇಮಿಗೆ ಬೆಟ್ಟದ ದಾರಿ ಹತ್ತುವ ಯಾತ್ರಿಕರ ಹಾಡುಗಳು ಎಂದು ಅವುಗಳನ್ನು ಬಹುಕಾಲದಿಂದ ಓದುತ್ತ ಬಂದಿದ್ದಾರೆ. ಹೆಚ್ಚಿನವು ಎಂಟು ಹತ್ತು ವಚನ ಮೀರುವುದಿಲ್ಲ, ಬಾಯಿಪಾಠಕ್ಕೆ ಸುಲಭ. ನಡಿಗೆಗೆ ಇದಕ್ಕಿಂತ ಒಳ್ಳೆಯ ಜೊತೆ ನನಗೆ ಗೊತ್ತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಶ್ರಮ, ಜೊತೆಗೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ನಡೆದರೆ 150 ಆಯಿತು. ವೇಗ ಸರಿಯಿದೆಯೇ ಎಂದು ತಿಳಿಯಲು ಗಡಿಯಾರ ಬೇಡ: ಕೀರ್ತನೆಯನ್ನು ಬಾಯಿಬಿಟ್ಟು ಹೇಳಲು ಆಗಬೇಕು, ಹಾಡಲು ಆಗಬಾರದು.

ಮೊದಲ ಹತ್ತು ನಿಮಿಷ ಆ ವಾರದ ಕೀರ್ತನೆಯನ್ನು ವಚನ ವಚನವಾಗಿ ಹೇಳಿಕೊಳ್ಳಿ. "ನಾನು ಕಣ್ಣೆತ್ತಿ ಪರ್ವತಗಳ ಕಡೆಗೆ ನೋಡುತ್ತೇನೆ" ಎಂಬ 121ರಿಂದ ಶುರು ಮಾಡಿದರೆ ಒಳ್ಳೆಯದು. ಮುಂದಿನ ಹತ್ತು ನಿಮಿಷ ದಾರಿಯಲ್ಲಿ ಕಂಡವರಿಗಾಗಿ ಪ್ರಾರ್ಥನೆ: ಶಾಲಾ ವಾಹನಕ್ಕೆ ಕಾಯುವ ಮಗು, ಮೀನಿನ ಬುಟ್ಟಿ ಹೊತ್ತವರು, ಬೀಗ ಹಾಕಿದ ಅಂಗಡಿಯ ಮುಂದೆ ಮಲಗಿದವರು. ಕೊನೆಯ ಹತ್ತು ನಿಮಿಷ ಮಾತೇ ಬೇಡ. ಕಿವಿಗೆ ಇಯರ್‌ಫೋನ್ ಹಾಕಿ ಪ್ರಸಂಗ ಕೇಳುತ್ತ ನಡೆಯುವವರಿಗೆ ನನ್ನ ವಿನಂತಿ: ವಾರದಲ್ಲಿ ಎರಡು ದಿನವಾದರೂ ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಕದ್ರಿ ಪಾರ್ಕ್, ಪಣಂಬೂರು, ತಣ್ಣೀರುಬಾವಿ, ಉಡುಪಿಯ ಅಜ್ಜರಕಾಡು, ಮಲ್ಪೆಯ ತೀರ, ಮಣಿಪಾಲದ ಎಂಡ್ ಪಾಯಿಂಟ್, ಜಾಗಕ್ಕೆ ಬರವಿಲ್ಲ. ಕಷ್ಟ ಬರುವುದು ಜೂನ್‌ನಿಂದ. ಮಳೆಗಾಲದಲ್ಲಿ ನಡಿಗೆ ನಿಂತು ಸೆಪ್ಟೆಂಬರಿನಲ್ಲಿ ಮೊದಲಿನಿಂದ ಶುರು ಮಾಡುವುದು ಕರಾವಳಿಯ ವಾರ್ಷಿಕ ಸೋಲು. ಅದಕ್ಕೆ ಮುಂಚೆಯೇ ತಯಾರಿರಿ: ಮನೆಯ ಜಗಲಿ, ದೇವಾಲಯದ ಸಭಾಭವನ, ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿಂಗ್, ಮೆಟ್ಟಿಲು. ಸಭಾಭವನವನ್ನು ಮಳೆಗಾಲದ ಬೆಳಗಿನ ಒಂದು ಗಂಟೆ ಹಿರಿಯರ ನಡಿಗೆಗೆ ತೆರೆದಿಡುವಂತೆ ಸಭಾಪಾಲಕರನ್ನು ಕೇಳಿ. ಫ್ಯಾನ್ ಮತ್ತು ದೀಪದ ವಿದ್ಯುತ್ ಬಿಟ್ಟರೆ ಅದಕ್ಕೆ ಬೇರೆ ವೆಚ್ಚವಿಲ್ಲ.

ಸ್ನಾಯುಬಲಕ್ಕೆ: ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಅಂಗೈ ಊರಿ ಹತ್ತು ಸಲ ಬಾಗಿ ತಳ್ಳುವುದು, ಹಿಮ್ಮಡಿ ಎತ್ತಿ ಹತ್ತು ಎಣಿಸುವುದು. ಎರಡು ಸುತ್ತು, ವಾರಕ್ಕೆ ಎರಡು ಮೂರು ದಿನ. ತೊಡೆಯ ಬಲ ಉಳಿದಿದ್ದರೆ ಎಪ್ಪತ್ತರಲ್ಲೂ ಯಾರ ಕೈ ಹಿಡಿಯದೆ ಪೀಠದ ಮುಂದೆ ಹೋಗಿ ನಿಲ್ಲಬಹುದು.

ಹೆಜ್ಜೆ 5: ತಟ್ಟೆ

ಇಲ್ಲಿ ಹೆಚ್ಚು ಹೇಳಬೇಕಿಲ್ಲ, ನಮ್ಮ ಊಟ ಮೂಲತಃ ಒಳ್ಳೆಯದೇ. ಬಂಗುಡೆ, ಬೂತಾಯಿ ಅಗ್ಗದ ಮೀನುಗಳಾದರೂ ಹೃದಯಕ್ಕೆ ಹಿತವಾದ ಒಮೆಗಾ-3 ಕೊಬ್ಬು ಅವುಗಳಲ್ಲಿ ಚೆನ್ನಾಗಿದೆ. ರವಾ ಫ್ರೈಗಿಂತ ಹುಳಿ-ಖಾರದ ಸಾರು ಪುಳಿಮುಂಚಿ ಮೇಲು. ಕುಚ್ಚಲಕ್ಕಿ ಒಳ್ಳೆಯದು, ಆದರೆ ತಟ್ಟೆಯ ಮುಕ್ಕಾಲು ಅದೇ ತುಂಬಿದರೆ ಸಕ್ಕರೆ ಏರಿಯೇ ಏರುತ್ತದೆ. ಅರ್ಧ ತಟ್ಟೆ ಬಸಳೆ, ಹರಿವೆ, ಅಲಸಂಡೆ, ತೊಂಡೆಕಾಯಿ. ಕಾಲು ಭಾಗ ಮೀನು, ಮೊಟ್ಟೆ ಅಥವಾ ಹುರುಳಿ. ಕಾಲು ಭಾಗ ಅನ್ನ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವಾಗ ಒಣಮೀನು, ಉಪ್ಪಿನಕಾಯಿ, ಹಪ್ಪಳ ಮುಂದೆ ಬರುತ್ತವೆ. ಬಿಪಿ ಇದ್ದವರು ಆ ಎರಡು ತಿಂಗಳು ವಿಶೇಷ ಜಾಗ್ರತೆಯಿಂದಿರಿ. ದಿನಕ್ಕೆ ಉಪ್ಪು ಒಟ್ಟು 5 ಗ್ರಾಮಿನೊಳಗೆ, ಅಂದರೆ ಒಂದು ಸಣ್ಣ ಚಮಚದೊಳಗೆ ಇರಬೇಕು.

ಹಬ್ಬದ ಊಟವನ್ನು ನಾನು ಕಿತ್ತುಕೊಳ್ಳುವುದಿಲ್ಲ. ಸಂಭ್ರಮದಿಂದ ಉಣ್ಣುವುದೂ ಕೃತಜ್ಞತೆಯೇ. ಮರಿಯಮ್ಮನವರ ಹುಟ್ಟುಹಬ್ಬವಾದ ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಹೊಸ ತೆನೆಯ ಅಕ್ಕಿಯೊಂದಿಗೆ ಬರೀ ತರಕಾರಿ ಪದಾರ್ಥ ಉಣ್ಣುವ ಕ್ರಮವನ್ನು ಹಿರಿಯರು ಬಿಟ್ಟುಹೋಗಿದ್ದಾರೆ. ಅಂಥ ಊಟ ವಾರಕ್ಕೊಮ್ಮೆ ಮನೆಯಲ್ಲಿ ಆಗಲಿ, ಮೊದಲ ತುತ್ತಿಗೆ ಮುಂಚೆ ಬೆಳೆದವರನ್ನೂ ಅಡುಗೆ ಮಾಡಿದವರನ್ನೂ ಹೆಸರಿಸಿ ವಂದನೆ ಹೇಳಿ.

ಹೆಜ್ಜೆ 6: ಉಪವಾಸ, ಬುದ್ಧಿಯಿಂದ

ಉಪವಾಸ ಬಹಳ ಒಳ್ಳೆಯ ಸಾಧನೆ, ತಪ್ಪಾಗಿ ಮಾಡಿದರೆ ಪ್ರಾಣಕ್ಕೇ ತೊಂದರೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಬರುವುದು ಫೆಬ್ರವರಿಯಿಂದ ಏಪ್ರಿಲ್ ನಡುವೆ, ಕರಾವಳಿಯ ಸೆಕೆ ಏರುವ ದಿನಗಳಲ್ಲಿ. ಬೆವರಿನಲ್ಲಿ ಉಪ್ಪೂ ನೀರೂ ಹೋಗುತ್ತಿರುವಾಗ ನೀರು ಬಿಟ್ಟು ಉಪವಾಸ ಮಾಡಬೇಡಿ. ನೀರು, ಗಂಜಿ ತಿಳಿ, ನೀರುಮಜ್ಜಿಗೆ ಹತ್ತಿರ ಇರಲಿ.

ಕಥೊಲಿಕ ಸಭೆಯ ನಿಯಮವನ್ನು ಅನೇಕರು ಇರುವುದಕ್ಕಿಂತ ಕಠಿಣ ಎಂದು ತಿಳಿದಿದ್ದಾರೆ. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸ ಕಡ್ಡಾಯವಿರುವುದು 18 ತುಂಬಿದವರಿಂದ 60ನೆಯ ವರ್ಷಕ್ಕೆ ಕಾಲಿಡುವವರೆಗಿನವರಿಗೆ. ಅದೂ ಒಂದು ಪೂರ್ಣ ಊಟ, ಜೊತೆಗೆ ಸ್ವಲ್ಪ ಆಹಾರ ಎರಡು ಹೊತ್ತು. ರೋಗಿಗಳಿಗೆ, ಬಸುರಿಯರಿಗೆ, ಮೊಲೆಯೂಡಿಸುವ ತಾಯಂದಿರಿಗೆ ಬಿಡುವಿದೆ. ಪರಮಪ್ರಸಾದಕ್ಕೆ ಮುಂಚಿನ ಉಪವಾಸ ಒಂದೇ ಗಂಟೆ. ನೀರು, ಔಷಧಿಯಿಂದ ಅದು ಮುರಿಯುವುದಿಲ್ಲ, ವಯಸ್ಸಾದವರಿಗೆ ಮತ್ತು ಕಾಯಿಲೆಯವರಿಗೆ ಆ ಒಂದು ಗಂಟೆಯೂ ಕಡ್ಡಾಯವಲ್ಲ. ಬೆಳಗಿನ ಪೂಜೆಗಾಗಿ ಇನ್ಸುಲಿನ್ ತೆಗೆದುಕೊಂಡು ಏನೂ ತಿನ್ನದೆ ಬರುವ ಹಿರಿಯರಿಗೆ ಇದನ್ನು ದಯವಿಟ್ಟು ತಿಳಿಸಿ ಹೇಳಿ.

ಪ್ರೊಟೆಸ್ಟಂಟ್ ಸಭೆಗಳಲ್ಲಿ ಇಂಥ ಲಿಖಿತ ನಿಯಮವಿಲ್ಲ, ಅದಕ್ಕೇ ಅತಿರೇಕಕ್ಕೆ ದಾರಿ ಹೆಚ್ಚು. ಬರೀ ನೀರಿನ ಮೇಲೆ 21 ದಿನ, 40 ದಿನ ಎಂದು ಹುಮ್ಮಸ್ಸಿನಲ್ಲಿ ಹರಕೆ ಹೊರಬೇಡಿ. ಹೊಸಬರು ವಾರಕ್ಕೆ ಒಂದು ಹೊತ್ತಿನ ಊಟ ಬಿಡುವುದರಿಂದ ಆರಂಭಿಸಲಿ. ಆ ಹೊತ್ತು ಪ್ರಾರ್ಥನೆಗೆ, ಆ ಊಟದ ಹಣ ಹಸಿದವರಿಗೆ. ಹಸಿದವರಿಗೆ ಅನ್ನ ಹಂಚದ ಉಪವಾಸವನ್ನು ದೇವರು ಬಯಸಿದವರೇ ಅಲ್ಲ ಎನ್ನುತ್ತದೆ ಯೆಶಾಯನ 58ನೆಯ ಅಧ್ಯಾಯ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಗುಳಿಗೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡಬಾರದು. ಕೈ ನಡುಗುವುದು, ತಣ್ಣನೆ ಬೆವರು, ತಲೆ ಮಂಕಾಗುವುದು ಸಕ್ಕರೆ ಇಳಿದ ಲಕ್ಷಣ. ಅಳತೆ 70 ಮಿಲಿಗ್ರಾಂಗಿಂತ ಕೆಳಗಿದ್ದರೆ ಉಪವಾಸ ಅಲ್ಲಿಗೇ ಮುಗಿಯಿತು: ಮೂರು ಸಣ್ಣ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಯಬೇಕು, 15 ನಿಮಿಷ ಬಿಟ್ಟು ಮತ್ತೆ ಅಳೆಯಬೇಕು, ಸರಿಹೋದ ಮೇಲೆ ಊಟ ಮಾಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸಕ್ಕರೆ ಕಾಯಿಲೆಗೆ ಇಂಥ ಮದ್ದು ತೆಗೆದುಕೊಳ್ಳುವವರು ಅನ್ನದ ಬದಲು ಬೇರೆ ಏನನ್ನಾದರೂ ಬಿಡಲಿ: ಧಾರಾವಾಹಿ, ರೀಲ್ಸ್, ಇನ್ನೊಬ್ಬರ ಮೇಲಿನ ಚಾಡಿಮಾತು. ಇದು ಎರಡನೆಯ ದರ್ಜೆಯ ಉಪವಾಸವಲ್ಲ.

ಹೆಜ್ಜೆ 7: ವಿಶ್ರಾಂತಿಯ ದಿನ

ಸಭೆಯಲ್ಲಿ ಚುರುಕಾಗಿರುವವರಿಗೆ ವಾರದಲ್ಲಿ ಅತಿ ದಣಿವಿನ ದಿನ ಭಾನುವಾರ. ಗಾಯನ ತಂಡ, ಭಾನುವಾರ ಶಾಲೆ, ಸಮಿತಿಯ ಸಭೆ, ಮಧ್ಯಾಹ್ನ ಮದುವೆ, ಸಂಜೆ ಇನ್ನೊಬ್ಬರ ಮದುವೆಗೆ ಮುಂಚಿನ ರೋಸ್ ಶಾಸ್ತ್ರ. ಜನ ಬಂದುಹೋಗುತ್ತ ಊಟಕ್ಕೂ ಸಮಯ ಸಿಗದಿದ್ದಾಗ ಯೇಸು ಶಿಷ್ಯರನ್ನು ವಿಂಗಡವಾದ ಸ್ಥಳಕ್ಕೆ ದಣಿವಾರಿಸಿಕೊಳ್ಳಲು ಕರೆದದ್ದು ಮಾರ್ಕನ 6ನೆಯ ಅಧ್ಯಾಯದಲ್ಲಿದೆ. ಭಾನುವಾರ ಸೇವೆ ಮಾಡುವವರು ಬೇರೊಂದು ಅರ್ಧ ದಿನವನ್ನು ಗುರುತು ಹಾಕಿ ಕಾಯ್ದುಕೊಳ್ಳಿ. ಮನೆಯಲ್ಲಿ ಅಡುಗೆ ಮಾಡುವವರಿಗೂ ಆ ಬಿಡುವು ಸಿಗದಿದ್ದರೆ ಅದು ವಿಶ್ರಾಂತಿಯ ದಿನವಾಗುವುದಿಲ್ಲ.

ಹೆಜ್ಜೆ 8: ಜೊತೆಗೆ ಇಬ್ಬರು

ಚರ್ಚಿನ ವಾರ್ಡಿನಿಂದಲೋ ವೇದಾಧ್ಯಯನ ಗುಂಪಿನಿಂದಲೋ ಇಬ್ಬರನ್ನು ಆರಿಸಿ. ವಾರಕ್ಕೊಮ್ಮೆ ಒಟ್ಟಿಗೆ ನಡೆಯಿರಿ, ಮೂರು ಪ್ರಶ್ನೆ ಕೇಳಿಕೊಳ್ಳಿ: ನಿದ್ರೆ ಹೇಗಿದೆ, ಪ್ರಾರ್ಥನೆ ಹೇಗಿದೆ, ಯಾರಿಗೂ ಹೇಳದ ಭಾರ ಏನಾದರೂ ಇದೆಯೇ.

ಆ ಮೂರನೆಯ ಪ್ರಶ್ನೆಗೆ ಉತ್ತರವಾಗಿ ನಮ್ಮಲ್ಲಿ ಹೆಚ್ಚಾಗಿ ಬರಬೇಕಾದದ್ದು, ಬಾರದೇ ಉಳಿಯುವುದು, ಕುಡಿತ. ಮದುವೆಯಿಂದ ಮರಣದವರೆಗೆ ಪ್ರತಿ ಕೂಟದಲ್ಲೂ ಲೋಟ ಇರುವ ಸಮುದಾಯದಲ್ಲಿ ಇದನ್ನು ಹೇಳಲು ನಾಚಿಕೆ. ಹೇಳಿದವರನ್ನು ಖಂಡಿಸಬೇಡಿ. ದಿನವೂ ಹೆಚ್ಚು ಕುಡಿಯುವವರು ಪ್ರಾರ್ಥನಾ ಕೂಟದಲ್ಲಿ ಪ್ರತಿಜ್ಞೆ ಮಾಡಿ ಒಮ್ಮೆಲೇ ನಿಲ್ಲಿಸುವುದು ಅಪಾಯಕರ. ನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಕುತ್ತಾಗಬಹುದು. ವೈದ್ಯರ ನಿಗಾದಲ್ಲಿ ಬಿಡಿಸಿ, ಆಮೇಲೆ ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್‌ನಂಥ ಗುಂಪಿಗೆ ಜೊತೆಯಾಗಿ ಹೋಗಿ.

ಹೆಜ್ಜೆ 9: ಕಾಯಿಲೆ ಬಂದಾಗ

ಇಷ್ಟೆಲ್ಲ ಮಾಡಿದರೂ ಕಾಯಿಲೆ ಬರುತ್ತದೆ. ಅದು ನಂಬಿಕೆಯ ಸೋಲಲ್ಲ. ಪೌಲ ತನ್ನ ಶರೀರದ ಮುಳ್ಳು ಹೋಗಲೆಂದು ಮೂರು ಸಲ ಬೇಡಿಕೊಂಡ, ಮುಳ್ಳು ಹೋಗಲಿಲ್ಲ. "ನನ್ನ ಕೃಪೆಯೇ ನಿನಗೆ ಸಾಕು" ಎಂಬ ಉತ್ತರ ಬಂತು. ತಿಮೊಥೆಯನ ಹೊಟ್ಟೆಯ ತೊಂದರೆಗೂ ಅವನು ಸೂಚಿಸಿದ್ದು ಆ ಕಾಲದ ಮದ್ದನ್ನೇ.

ಹಿರಿಯರನ್ನು ಕರೆಸಿ ಎಣ್ಣೆ ಹಚ್ಚಿಸಿ ಪ್ರಾರ್ಥನೆ ಮಾಡಿಸಿ, ಯಾಕೋಬನ ಪತ್ರಿಕೆ ಹೇಳಿದಂತೆ. ಕಥೊಲಿಕರು ರೋಗಿಗಳ ಅಭ್ಯಂಗವನ್ನು ಕೊನೆಯುಸಿರಿಗಾಗಿ ಕಾದಿಡಬೇಕಾಗಿಲ್ಲ. ದೊಡ್ಡ ಶಸ್ತ್ರಚಿಕಿತ್ಸೆಗೆ ಮುಂಚೆಯೂ ಕೇಳಬಹುದು. ಆದರೆ ಯಾವ ಸ್ವಸ್ಥತಾ ಕೂಟದ ಮಾತಿಗೂ ಬಿಪಿ, ಸಕ್ಕರೆ, ಫಿಟ್ಸ್, ಮನೋರೋಗದ ಗುಳಿಗೆ ನಿಲ್ಲಿಸಬೇಡಿ. ಗುಣವಾಗಿದ್ದರೆ ತಪಾಸಣೆಯಲ್ಲಿ ಅದು ಕಾಣುತ್ತದೆ, ಗುಳಿಗೆಯನ್ನು ವೈದ್ಯರೇ ಇಳಿಸುತ್ತಾರೆ.

ಎರಡು ವಾರ ಮೀರಿ ಮನಸ್ಸು ಕುಸಿದೇ ಇದ್ದರೆ, ಪ್ರಾರ್ಥನೆಗೆ ಮಾತೇ ಹೊರಡದಿದ್ದರೆ, ಬದುಕು ಬೇಡ ಅನ್ನಿಸಿದರೆ ಮುಚ್ಚಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲುರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ. ಪಕ್ಕದಲ್ಲಿ ಒಬ್ಬರು ಇರುವಂತೆ ನೋಡಿಕೊಳ್ಳಿ.

ಹಾಸಿಗೆ ಹಿಡಿದವರು ಈ ಮಾರ್ಗದರ್ಶಿಯಿಂದ ಎರಡನ್ನು ಇಟ್ಟುಕೊಂಡರೆ ಸಾಕು: ಉಸಿರಿನ ಜೊತೆಗಿನ ಒಂದು ವಾಕ್ಯ, ದಿನಕ್ಕೆ ಒಬ್ಬರ ಹೆಸರಿನ ಪ್ರಾರ್ಥನೆ. ಪರಮಪ್ರಸಾದವನ್ನು ಮನೆಗೆ ತರಬೇಕೆಂದು ಗುರುಗಳಿಗೆ ಮನೆಯವರು ಹೇಳಿ ಕಳುಹಿಸಲಿ, ಸಭೆಯವರು ಸರದಿ ಹಾಕಿಕೊಂಡು ಬಂದು ಒಂದು ಕೀರ್ತನೆ ಓದಲಿ. ಬಂದವರು ಗುಳಿಗೆ ಮುಗಿದಿದೆಯೇ, ಪಕ್ಕ ಬದಲಿಸಿ ಮಲಗಿಸಿದ್ದಾರೆಯೇ, ನೋಡಿಕೊಳ್ಳುವವರು ರಾತ್ರಿ ಮಲಗಿದ್ದಾರೆಯೇ ಎಂದೂ ವಿಚಾರಿಸಲಿ. ಅವರು ಮಲಗಿಲ್ಲವಾದರೆ ಆ ಮಧ್ಯಾಹ್ನ ಎರಡು ಗಂಟೆ ರೋಗಿಯ ಬಳಿ ತಾವೇ ಕುಳಿತುಕೊಳ್ಳಲಿ.